ಮೈ ಇಳಿದಾಗ ಕಾಫಿ ಏಕೆ ಏರುತ್ತದೆ?

ಹತ್ತು ಕಿಲೊ ತೂಕ ಇಳಿಸಿಕೊಂಡವರನ್ನು ಮಾತಿಗೆಳೆದರೆ ಸಂತೋಷದ ನಡುವೆ ಒಂದು ದೂರೂ ಹೊರಬೀಳುವುದುಂಟು. ಪ್ಯಾಂಟು ಸಡಿಲವಾಗಿದೆ, ಮಂಡಿನೋವು ತಗ್ಗಿದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಆದರೆ ವರ್ಷಗಟ್ಟಲೆ ಕುಡಿಯುತ್ತ ಬಂದ ಅದೇ ಲೋಟದ ಕಾಫಿ ಈಗ ಮೈಗೆ ಒಗ್ಗುತ್ತಿಲ್ಲ. ಕುಡಿದ ಅರ್ಧ ಗಂಟೆಗೆ ಎದೆ ಡವಡವ ಎನ್ನುತ್ತದೆ, ಬೆರಳ ತುದಿ ನಡುಗುತ್ತದೆ, ಸಂಜೆ ಕುಡಿದರಂತೂ ಮಧ್ಯರಾತ್ರಿಯಾದರೂ ಕಣ್ಣಿಗೆ ನಿದ್ದೆ ಹತ್ತದು. ‘ಮೊದಲು ಮೈಯಲ್ಲಿದ್ದ ಕೊಬ್ಬು ಕೆಫೀನನ್ನು ಹೀರಿಕೊಳ್ಳುತ್ತಿತ್ತು, ಈಗ ಕೊಬ್ಬಿಲ್ಲ, ಎಲ್ಲ ನೇರ ರಕ್ತಕ್ಕೆ ಹೋಗುತ್ತಿದೆ’ ಎಂಬ ವಿವರಣೆ ಜಿಮ್ಮುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ದೂರು ನಿಜ. ವಿವರಣೆ ಮಾತ್ರ ತಪ್ಪು.

ಡಿಡಿಟಿಯಂಥ ಕೀಟನಾಶಕಗಳು ದೇಹದ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಅಡಗಿ ಕೂರುತ್ತವೆ. ಕೆಫೀನ್ ಆ ಜಾತಿಯದಲ್ಲ. ಅದು ನೀರಿನಲ್ಲಿ ಕರಗುತ್ತದೆ, ಜೀವಕೋಶಗಳ ಜಿಡ್ಡಿನ ಪೊರೆಯನ್ನೂ ಸಲೀಸಾಗಿ ದಾಟುತ್ತದೆ. ಕುಡಿದ ಮುಕ್ಕಾಲು ಗಂಟೆಯೊಳಗೆ ಹೆಚ್ಚೂಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರಿ, ಮಿದುಳು, ಸ್ನಾಯು, ಜೊಲ್ಲು, ಎದೆಹಾಲು ಎನ್ನದೆ ನೀರಿರುವ ಕಡೆಗೆಲ್ಲ ಹರಡುತ್ತದೆ. ಎಲ್ಲಿಯೂ ಠೇವಣಿಯಾಗಿ ಉಳಿಯುವುದಿಲ್ಲ. ಹಾಗಾಗಿ ಒಂದು ಲೋಟ ಕಾಫಿ ನಿಮ್ಮ ಮೈಯಲ್ಲಿ ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಪಾಲು ಮೈಯಲ್ಲಿರುವ ನೀರು.

ಇಲ್ಲಿ ಸಣ್ಣ ಲೆಕ್ಕವೊಂದನ್ನು ಮಾಡಬಹುದು. 90 ಕಿಲೊ ತೂಗುವವರೊಬ್ಬರ ದೇಹದಲ್ಲಿ 45 ಲೀಟರ್ ನೀರಿದೆ ಎಂದಿಟ್ಟುಕೊಳ್ಳಿ. 100 ಮಿಲಿಗ್ರಾಂ ಕೆಫೀನಿರುವ ಕಾಫಿ ಕುಡಿದರೆ ಲೀಟರಿಗೆ ಸುಮಾರು 2.2 ಮಿಲಿಗ್ರಾಂ ಆಯಿತು. ಅವರು ಹತ್ತು ಕಿಲೊ ಕೊಬ್ಬು ಕಳೆದುಕೊಂಡರೆನ್ನೋಣ. ಕೊಬ್ಬಿನ ಅಂಗಾಂಶದಲ್ಲಿ ನೀರಿನ ಪಾಲು ಬಹಳ ಕಡಿಮೆ, ಹೋದರೆ ಒಂದೆರಡು ಲೀಟರ್ ಹೋದೀತು. ಉಳಿದ 43 ಲೀಟರಿಗೆ ಅದೇ ಕಾಫಿ ಬಿದ್ದರೆ ಲೀಟರಿಗೆ 2.3 ಮಿಲಿಗ್ರಾಂ. ಶೇ 5ರಷ್ಟು ಏರಿಕೆ. ಎದೆ ಡವಗುಟ್ಟಲು ಇಷ್ಟು ಸಾಲದು. ಕಾಫಿಪುಡಿ ಹಾಕುವ ಕೈ ಒಂದು ದಿನ ಸ್ವಲ್ಪ ಉದಾರವಾದರೂ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವಾಗುತ್ತದೆ.

ಇಳಿದದ್ದು ಕೊಬ್ಬೋ ಸ್ನಾಯುವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಸ್ನಾಯುವಿನ ಮುಕ್ಕಾಲು ಭಾಗ ನೀರು. ಪ್ರೋಟೀನ್ ಇಲ್ಲದೆ, ವ್ಯಾಯಾಮವಿಲ್ಲದೆ, ಬರೀ ಸೌತೆಕಾಯಿ ತಿಂದು ಗಡಿಬಿಡಿಯಲ್ಲಿ ಇಳಿಸಿದ ಹತ್ತು ಕಿಲೊದಲ್ಲಿ ನಾಲ್ಕು ಕಿಲೊ ಸ್ನಾಯುವೇ ಆಗಿದ್ದರೆ, ಉಳಿದ ಕೊಬ್ಬಿನದೂ ಸೇರಿ ನಾಲ್ಕು ಲೀಟರಿನಷ್ಟು ನೀರು ಹೋದಂತೆ. ಆಗ ಏರಿಕೆ ಶೇ 10ರ ಹತ್ತಿರ. ಅನ್ನ, ರಾಗಿ, ಸಕ್ಕರೆ ಒಮ್ಮೆಗೇ ಬಿಟ್ಟವರ ಮೊದಲ ವಾರದಲ್ಲಿ ಇನ್ನೊಂದು ನಷ್ಟವಿದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಖಾಲಿಯಾಗುವಾಗ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಟುಹೋಗುತ್ತದೆ. ಇನ್ಸುಲಿನ್ ತಗ್ಗಿದ್ದರಿಂದ ಮೂತ್ರಪಿಂಡ ಉಪ್ಪಿನಂಶವನ್ನೂ ಹೊರಹಾಕುತ್ತದೆ. ಮೊದಲ ವಾರದಲ್ಲೇ ಮೂರು ಕಿಲೊ ಇಳಿದೆ ಎಂದು ಬೀಗುವವರ ತಕ್ಕಡಿ ತೋರಿಸುತ್ತಿರುವುದರಲ್ಲಿ ದೊಡ್ಡ ಪಾಲು ಈ ನೀರೇ. ರಕ್ತದ ಪ್ರಮಾಣ ಕುಗ್ಗಿ ನಾಡಿ ಏರಿದ ಆ ದಿನಗಳಲ್ಲಿ ಕಾಫಿ ಕುಡಿದರೆ ಎದೆಬಡಿತ ಕಿವಿಗೆ ಕೇಳುವುದು ಸಹಜ.

ತೂಕದ ಲೆಕ್ಕ ನಿಜವಾಗಿ ಮುಖ್ಯವಾಗುವುದು ಮೊದಲೇ ಹಗುರವಾಗಿದ್ದವರಿಗೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಕೊಟ್ಟ ಅಭಿಪ್ರಾಯದಂತೆ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಅಪಾಯವಲ್ಲ. ಆದರೆ ಈ ಸಂಖ್ಯೆಗಳ ಹಿಂದೆ 70 ಕಿಲೊ ತೂಕದ ದೇಹವಿದೆ, ಅಂದರೆ ಕಿಲೊಗೆ ಒಂದು ಸಲಕ್ಕೆ ಸುಮಾರು 3 ಮಿಲಿಗ್ರಾಂ. 58ರಿಂದ 50 ಕಿಲೊಗೆ ಇಳಿದ ಹೆಣ್ಣುಮಗಳಿಗೆ ಅದು ಒಂದು ಸಲಕ್ಕೆ 150, ದಿನಕ್ಕೆ 285ರ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಎನ್ನುತ್ತದೆ. ನಮ್ಮ ಮೈಕಟ್ಟಿಗೆ ಈ ಮಾತೇ ಹತ್ತಿರ. ಅದೇ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಕಾಫಿಯಲ್ಲಿ, ಪುಡಿಯಿಂದ ಇಳಿಸಿದ್ದಾದರೆ 80ರಿಂದ 120, ಇನ್‌ಸ್ಟಂಟ್ ಆದರೆ 50ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಚಹಾದಲ್ಲಿ 30ರಿಂದ 65.

ಹಾಗಾದರೆ ಯಕೃತ್ತು? ಕೆಫೀನನ್ನು ಒಡೆದು ಹಾಕುವ ಕೆಲಸದ ಶೇ 95ರಷ್ಟನ್ನು ಅಲ್ಲಿನ ಸಿವೈಪಿ1ಎ2 ಎಂಬ ಒಂದೇ ಕಿಣ್ವ ಮಾಡುತ್ತದೆ. ಸರಾಸರಿ ಐದು ಗಂಟೆಯಲ್ಲಿ ಅರ್ಧದಷ್ಟು ಕೆಫೀನ್ ಖಾಲಿಯಾಗುತ್ತದೆ. ಆದರೆ ಈ ಸರಾಸರಿಯನ್ನು ನಂಬಿ ಕೂರುವಂತಿಲ್ಲ, ಒಬ್ಬರಲ್ಲಿ ಒಂದೂವರೆ ಗಂಟೆ, ಇನ್ನೊಬ್ಬರಲ್ಲಿ ಒಂಬತ್ತೂವರೆ ಗಂಟೆ. ವಂಶವಾಹಿಯಲ್ಲಿ ಬಂದ ವ್ಯತ್ಯಾಸ ಅದರಲ್ಲಿ ಒಂದು ಪಾಲು. ರಾತ್ರಿ ಊಟದ ಮೇಲೆ ಸ್ಟ್ರಾಂಗ್ ಕಾಫಿ ಕುಡಿದು ಗೊರಕೆ ಹೊಡೆಯುವ ಭಾವಮೈದುನನನ್ನು ನೋಡಿ ಹೊಟ್ಟೆಯುರಿದುಕೊಳ್ಳುವವರು ಈ ಕಿಣ್ವವನ್ನು ನೆನೆಯಬೇಕು.

ತೂಕ ಇಳಿದರೆ ಈ ಕಿಣ್ವ ಸೋಮಾರಿಯಾಗುತ್ತದೆಯೇ? ಹಾಗೆ ನಂಬಲು ಕಾರಣವಿಲ್ಲ. ಸಿರೋಸಿಸ್‌ನಂಥ ಕಾಯಿಲೆಯಲ್ಲಿ ಯಕೃತ್ತು ಹಾಳಾದಾಗ ಕೆಫೀನ್ ಹೊರಹೋಗುವುದು ತೀರಾ ನಿಧಾನವಾಗುತ್ತದೆ. ಎಷ್ಟರಮಟ್ಟಿಗೆಂದರೆ ಕೆಫೀನ್ ಕೊಟ್ಟು ಉಸಿರು ಪರೀಕ್ಷಿಸಿ ಯಕೃತ್ತಿನ ಶಕ್ತಿ ಅಳೆಯುವ ವಿಧಾನವೇ ಇದೆ. ದೇಹದಲ್ಲಿ ಉರಿಯೂತ ಹೆಚ್ಚಿದಾಗಲೂ ಈ ಕಿಣ್ವ ಮಂಕಾಗುತ್ತದೆ. ತೂಕ ಇಳಿದಂತೆ ಯಕೃತ್ತಿನ ಕೊಬ್ಬು ಕರಗುತ್ತದೆ, ಉರಿಯೂತ ತಗ್ಗುತ್ತದೆ. ಆದ್ದರಿಂದ ಕಿಣ್ವ ಕೆಡುವುದಕ್ಕಿಂತ ಚುರುಕಾಗುವ ಸಂಭವವೇ ಹೆಚ್ಚು. ಉಪವಾಸದ ವಿಷಯದಲ್ಲೂ ಜನ ಅಂದುಕೊಂಡದ್ದಕ್ಕೆ ತದ್ವಿರುದ್ಧ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಗಂಟೆ ಉಪವಾಸವಿದ್ದವರ ದೇಹ ಕೆಫೀನನ್ನು ಐದನೆಯ ಒಂದು ಭಾಗದಷ್ಟು ಹೆಚ್ಚು ವೇಗವಾಗಿ ಹೊರಹಾಕಿತ್ತು.

ತೂಕವೂ ಅಲ್ಲ, ಯಕೃತ್ತೂ ಅಲ್ಲ ಎಂದರೆ ತಪ್ಪಿತಸ್ಥರನ್ನು ಬೇರೆಡೆ ಹುಡುಕಬೇಕು. ನನ್ನ ಅನುಮಾನವೆಲ್ಲ ತೂಕ ಇಳಿಸುವ ಸಲುವಾಗಿ ಬದಲಿಸಿಕೊಂಡ ದಿನಚರಿಯ ಮೇಲೆ.

ಮೊದಲು ಲೋಟವನ್ನೇ ನೋಡಿ. ನಮ್ಮ ಮನೆಗಳ ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ತಳದಲ್ಲಷ್ಟೇ, ಮೇಲೆಲ್ಲ ಹಾಲು. ಆಹಾರ ತಜ್ಞರು ಹಾಲು–ಸಕ್ಕರೆ ಬಿಡಿ ಎಂದ ಕೂಡಲೇ ಕಾಫಿ ಕಪ್ಪಾಗುತ್ತದೆ, ಲೋಟ ಹೋಗಿ ಮಗ್ ಬರುತ್ತದೆ. ಆ ಮಗ್ಗಿನಲ್ಲಿ 300 ಮಿಲಿಲೀಟರ್ ಕಪ್ಪು ಕಾಫಿ ಹಿಡಿದರೆ ಮಾರ್ಗಸೂಚಿಯ ಲೆಕ್ಕದಲ್ಲಿ ಅದೊಂದೇ 160ರಿಂದ 240 ಮಿಲಿಗ್ರಾಂ. ‘ಕಾಫಿ ಕಡಿಮೆ ಮಾಡಿದ್ದೇನೆ, ಬೆಳಿಗ್ಗೆ ಒಂದೇ ಸಲ’ ಎನ್ನುವವರು ಹಿಂದಿನ ಎರಡು ಮೂರು ಲೋಟಗಳಷ್ಟನ್ನು ಒಂದೇ ಗುಕ್ಕಿಗೆ ಕುಡಿಯುತ್ತಿರುತ್ತಾರೆ. ಕ್ಯಾಲರಿ ಇಲ್ಲ ಎಂಬ ಕಾರಣಕ್ಕೆ ಹದಿನಾರು ಗಂಟೆ ಉಪವಾಸದ ಪದ್ಧತಿಯಲ್ಲೂ ಅದಕ್ಕೆ ಪರವಾನಗಿ ಇದೆ. ಹಸಿವಾದಾಗಲೆಲ್ಲ ಒಂದು ಮಗ್. ಇಡ್ಲಿ, ದೋಸೆ ತಿಂದ ಮೇಲೆ ಕುಡಿದ ಕಾಫಿ ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತಿತ್ತು. ಖಾಲಿ ಹೊಟ್ಟೆಗೆ ಬಿದ್ದದ್ದು ಬೇಗನೆ ಶಿಖರ ಮುಟ್ಟುತ್ತದೆ, ಆಮ್ಲವನ್ನೂ ಕೆರಳಿಸುತ್ತದೆ. ಒಟ್ಟು ಕೆಫೀನ್ ಅಷ್ಟೇ ಇದ್ದರೂ ಬೇಗ ಏರಿದ್ದು ಮೈಗೆ ಹೆಚ್ಚು ಅನ್ನಿಸುತ್ತದೆ.

ಎರಡನೆಯದು ವ್ಯಾಯಾಮಕ್ಕೆ ಮುನ್ನ ಕಲಸಿ ಕುಡಿಯುವ ಪುಡಿಗಳು, ಕೊಬ್ಬು ಕರಗಿಸುವ ಮಾತ್ರೆಗಳು. ಒಂದು ಚಮಚೆ ಪ್ರೀ–ವರ್ಕೌಟ್ ಪುಡಿಯಲ್ಲಿ 150ರಿಂದ 300 ಮಿಲಿಗ್ರಾಂ ಕೆಫೀನ್ ಇರುವುದು ಸಾಮಾನ್ಯ. ‘ಗ್ರೀನ್ ಟೀ ಸಾರ’, ‘ಗುಆರಾನಾ’ ಎಂಬ ಹೆಸರಿನಲ್ಲಿ ಮಾತ್ರೆಯೊಳಗೆ ಸೇರುವುದೂ ಕೆಫೀನೇ. ಇದು ಕೊಬ್ಬು ಕರಗಿಸುತ್ತದೆಂಬ ನಂಬಿಕೆಗೆ ಒಂದಿಷ್ಟು ಆಧಾರವಿದೆ. 100 ಮಿಲಿಗ್ರಾಂ ಕೆಫೀನ್ ಸುಮಾರು ಎರಡೂವರೆ ಗಂಟೆ ಕಾಲ ವಿಶ್ರಾಂತಿಯಲ್ಲಿನ ಚಯಾಪಚಯವನ್ನು ಶೇ 3–4ರಷ್ಟು ಏರಿಸುತ್ತದೆ ಎಂದು 1989ರಲ್ಲೇ ಅಳೆದು ನೋಡಿದ್ದಾರೆ. ದಿನಕ್ಕೆ 1,500 ಕ್ಯಾಲರಿ ಸುಮ್ಮನೆ ಕುಳಿತು ವ್ಯಯಿಸುವ ದೇಹಕ್ಕೆ ಇದನ್ನು ಅನ್ವಯಿಸಿ ನಾನು ಲೆಕ್ಕ ಹಾಕಿದೆ. ಸಿಗುವುದು ಹೆಚ್ಚೆಂದರೆ ಆರು ಕ್ಯಾಲರಿ! ಒಂದು ಟೀ ಚಮಚ ಸಕ್ಕರೆಯಲ್ಲಿ ಹದಿನಾರು ಇದೆ. ಡಬ್ಬಿಯ ಬೆಲೆ ನೋಡಿದರೆ ನಗು ಬರುತ್ತದೆ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆರೋಗ್ಯ ಸುಧಾರಿಸಿಕೊಳ್ಳಲು ಹೊರಟವರು ತೂಕದ ಜೊತೆಗೆ ಸಿಗರೇಟನ್ನೂ ಬಿಡುತ್ತಾರೆ. ಒಳ್ಳೆಯದೇ. ಆದರೆ ಸಿಗರೇಟಿನ ಹೊಗೆಯಲ್ಲಿರುವ ರಾಸಾಯನಿಕಗಳು ಸಿವೈಪಿ1ಎ2 ಕಿಣ್ವವನ್ನು ಹುರಿದುಂಬಿಸುತ್ತವೆ. ಧೂಮಪಾನಿಗಳಲ್ಲಿ ಕೆಫೀನ್ ಉಳಿಯುವ ಅವಧಿ ಉಳಿದವರಿಗಿಂತ ಅರ್ಧದಷ್ಟೇ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ವೇಗಕ್ಕೆ ಮರಳುತ್ತದೆ, ಅದೇ ಕಾಫಿಯಿಂದ ರಕ್ತದಲ್ಲಿನ ಕೆಫೀನ್ ಇಮ್ಮಡಿಯ ಹತ್ತಿರ ಹೋಗುತ್ತದೆ. ಚಡಪಡಿಕೆ, ಸಿಡುಕು, ನಿದ್ದೆಗೇಡು ಎಲ್ಲವನ್ನೂ ‘ಸಿಗರೇಟು ಬಿಟ್ಟದ್ದರ ಕಾಟ’ ಎಂದು ಭಾವಿಸಿ ಮತ್ತೆ ಹಚ್ಚುವವರಿದ್ದಾರೆ. ಅವರು ಕಾಫಿಯನ್ನು ಅರ್ಧಕ್ಕಿಳಿಸಿದ್ದರೆ ಸಾಕಿತ್ತು.

ಹೆಣ್ಣುಮಕ್ಕಳಲ್ಲಿ ಇದರ ಜೋಡಿ ಕಥೆಯೊಂದಿದೆ. ಪಿಸಿಒಡಿ ಇರುವವರಿಗೆ ತೂಕ ಇಳಿಸಿ ಎಂಬ ಸಲಹೆಯ ಜೊತೆಗೆ ಮುಟ್ಟು ಕ್ರಮಗೊಳಿಸಲು ಹಾರ್ಮೋನ್ ಮಾತ್ರೆಯನ್ನೂ ಬರೆದುಕೊಡುವುದು ವಾಡಿಕೆ. ಗರ್ಭನಿರೋಧಕವಾಗಿಯೂ ಬಳಸುವ ಈ ಮಾತ್ರೆ ಕೆಫೀನಿನ ಅವಧಿಯನ್ನು ಸುಮಾರು ಎರಡರಷ್ಟಾಗಿಸುತ್ತದೆ. ನಾಲ್ಕು ತಿಂಗಳಲ್ಲಿ ಆರು ಕಿಲೊ ಇಳಿದದ್ದು ಕಣ್ಣಿಗೆ ಕಾಣುತ್ತದೆ, ಮಾತ್ರೆ ಕಾಣುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ, ಮೂತ್ರದ ಸೋಂಕಿಗೆಂದು ಅದನ್ನು ನುಂಗುವ ಐದು ದಿನ ಕಾಫಿ ತಗ್ಗಿಸುವುದು ಜಾಣತನ. ಎಲೆಕೋಸು, ಹೂಕೋಸು, ಬ್ರೊಕೊಲಿಯ ಕುಟುಂಬ ಕಿಣ್ವವನ್ನು ತುಸು ಚುರುಕಾಗಿಸುತ್ತದೆ, ಕ್ಯಾರೆಟ್–ಸೆಲರಿಯ ಕುಟುಂಬ ತುಸು ನಿಧಾನಿಸುತ್ತದೆ ಎಂದೂ ಅಮೆರಿಕದ ಪ್ರಯೋಗವೊಂದು ತೋರಿಸಿದೆ. ಅದಕ್ಕಾಗಿ ಯಾರೂ ಕೋಸಂಬರಿಯಿಂದ ಕ್ಯಾರೆಟ್ ಆರಿಸಿ ಎಸೆಯಬೇಕಿಲ್ಲ.

ಮಿದುಳಿನ ಕಡೆಯಿಂದ ನೋಡಿದರೆ ಕಥೆ ಇನ್ನೂ ಸ್ವಾರಸ್ಯಕರ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ ತೂಕಡಿಕೆ ತರುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಅಂದರೆ ಕಾಫಿ ಎಷ್ಟು ಏರುತ್ತದೆ ಎಂಬುದು ನಿಮಗೆ ಎಷ್ಟು ನಿದ್ದೆ ಬಾಕಿಯಿತ್ತು ಎಂಬುದರ ಮೇಲೂ ನಿಂತಿದೆ. ಸ್ಥೂಲಕಾಯದವರಲ್ಲಿ ಹಲವರಿಗೆ ನಿದ್ದೆಯಲ್ಲಿ ಉಸಿರುಗಟ್ಟುವ ಸ್ಲೀಪ್ ಆಪ್ನಿಯಾ ಇರುತ್ತದೆ. ರಾತ್ರಿ ಗೊರಕೆ, ನೂರಾರು ಸಲ ತುಂಡಾಗುವ ನಿದ್ದೆ, ಹಗಲೆಲ್ಲ ಜೊಂಪು. ಆ ಜೊಂಪನ್ನು ಓಡಿಸಲು ದಿನಕ್ಕೆ ಐದಾರು ಕಾಫಿ. ತೂಕ ಇಳಿದಾಗ ಕತ್ತಿನ ಸುತ್ತಲ ಕೊಬ್ಬು ಕರಗಿ ಉಸಿರಿನ ದಾರಿ ಸಲೀಸಾಗುತ್ತದೆ, ಎಷ್ಟೋ ವರ್ಷಗಳ ಮೇಲೆ ನಿಜವಾದ ನಿದ್ದೆ ಬರುತ್ತದೆ. ಓಡಿಸಲು ಜೊಂಪೇ ಇಲ್ಲ, ಕಾಫಿ ಮಾತ್ರ ಐದಾರು ಹಾಗೆಯೇ ಉಳಿದಿದೆ. ಆಗ ಅದು ಎಚ್ಚರ ತರುವುದನ್ನು ಬಿಟ್ಟು ಚಡಪಡಿಕೆ ತರುತ್ತದೆ. ತೂಕ ಇಳಿದದ್ದಕ್ಕೂ ಕಾಫಿ ಏರಿದ್ದಕ್ಕೂ ನೇರ ಸಂಬಂಧವಿರುವ ಪ್ರಕರಣಗಳಲ್ಲಿ ನನಗೆ ಅತ್ಯಂತ ಮನದಟ್ಟಾಗುವುದು ಇದು.

ಇನ್ನು ರೂಢಿ ತಪ್ಪಿದವರು. ದಿನಾ ಕುಡಿಯುವವರ ಮಿದುಳು ಕೆಫೀನಿಗೆ ಹೊಂದಿಕೊಂಡಿರುತ್ತದೆ. ಡಯಟ್ ಶುರು ಮಾಡಿದ ಹುರುಪಿನಲ್ಲಿ ಕಾಫಿಯನ್ನು ಪೂರ್ತಿ ನಿಲ್ಲಿಸಿದರೆ 12ರಿಂದ 24 ಗಂಟೆಯಲ್ಲಿ ತಲೆನೋವು ಹಿಡಿಯುತ್ತದೆ, ಎರಡರಿಂದ ಒಂಬತ್ತು ದಿನ ಕಾಡುತ್ತದೆ, ಆಮೇಲೆ ಶಮನವಾಗುತ್ತದೆ. ಅಷ್ಟರಲ್ಲಿ ಹೊಂದಾಣಿಕೆಯೂ ಕರಗಿರುತ್ತದೆ. ತಿಂಗಳ ನಂತರ ಮದುವೆಮನೆಯಲ್ಲಿ ಒಂದು ಸ್ಟ್ರಾಂಗ್ ಲೋಟ ಸಿಕ್ಕಿ ಕುಡಿದರೆ, ಹೊಸಬರಿಗೆ ಏರುವಂತೆ ಏರುತ್ತದೆ.

ಔಷಧಗಳ ಮಾತು ಗಂಭೀರ. ತೂಕ ಇಳಿದಂತೆ ರಕ್ತದೊತ್ತಡ, ಸಕ್ಕರೆ ಎರಡೂ ಇಳಿಯುತ್ತವೆ, ಆದರೆ ಮಾತ್ರೆಯ ಪ್ರಮಾಣ ಹಳೆಯದೇ ಇರುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ ಕಾಣಿಸುತ್ತವೆ. ಕಾಫಿ ಹೆಚ್ಚಾದ ಲಕ್ಷಣಗಳೂ ಇವೇ. ಬೆಳಗಿನ ತಿಂಡಿ ಬಿಟ್ಟು ಕಾಫಿಯಲ್ಲೇ ಹೊತ್ತು ಕಳೆಯುವ ಮಧುಮೇಹಿ ಇದನ್ನು ಕಾಫಿಯ ತಲೆಗೆ ಕಟ್ಟಿ ಸುಮ್ಮನಾದರೆ ಅಪಾಯ. ಗ್ಲೂಕೋಮೀಟರ್ ಮನೆಯಲ್ಲಿದ್ದರೆ ಆ ಹೊತ್ತಿನಲ್ಲೇ ಬೆರಳು ಚುಚ್ಚಿ ನೋಡಬೇಕು. 2025ರ ಮಾರ್ಚ್‌ನಲ್ಲಿ ಮೌಂಜಾರೊ ನಮ್ಮ ಮಾರುಕಟ್ಟೆಗೆ ಬಂತು, ಜೂನ್‌ನಲ್ಲಿ ವೆಗೋವಿ. ತೂಕ ಇಳಿಸುವ ಈ ಚುಚ್ಚುಮದ್ದುಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ, ನಾಡಿಯನ್ನು ನಿಮಿಷಕ್ಕೆ ಕೆಲವು ಬಡಿತಗಳಷ್ಟು ಏರಿಸುತ್ತವೆ, ಊಟದ ಜೊತೆಗೆ ನೀರು ಕುಡಿಯುವುದನ್ನೂ ಕಡಿಮೆ ಮಾಡಿಸುತ್ತವೆ. ವಾಕರಿಕೆಯಂತೂ ಸಾಮಾನ್ಯ. ಇವುಗಳ ಮೇಲೆ ಖಾಲಿ ಹೊಟ್ಟೆಯ ಕಪ್ಪು ಕಾಫಿ ಬಿದ್ದರೆ ಕೇಳಬೇಕೆ?

ಕಾಫಿ ಬಿಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ದೇಶದ ಕಾಫಿಯ ಸುಮಾರು ಶೇ 70 ಕೊಡಗು, ಚಿಕ್ಕಮಗಳೂರು, ಹಾಸನದ ಈ ನಾಡಿನಲ್ಲಿ ಬೆಳೆಯುತ್ತದೆ. ಇಲ್ಲಿ ಆ ಮಾತು ಹೇಳಿದರೆ ಕೇಳುವವರೂ ಇಲ್ಲ. ಲೋಟದೊಳಗಿನ ಕೆಫೀನ್ ತಗ್ಗಿಸಲು ದಾರಿಗಳು ನಮ್ಮಲ್ಲೇ ಇವೆ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ, ಆದ್ದರಿಂದ ಪುಡಿ ಮಾಡಿಸುವ ಅಂಗಡಿಯಲ್ಲಿ ರೊಬಸ್ಟಾ ಪಾಲು ಕಡಿಮೆ ಮಾಡಿಸಿ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಶುದ್ಧ ಕಾಫಿಯ ವ್ರತಸ್ಥರಿಗೆ ಬೇಸರವಾದೀತು, ಆದರೆ ನೂರಕ್ಕೆ ಮೂವತ್ತು ಚಿಕೋರಿ ಬೆರೆತ ಪುಡಿಯಲ್ಲಿ ಕೆಫೀನೂ ಮೂವತ್ತು ಪಾಲು ಕಡಿಮೆ. ಬೆಂಗಳೂರಿನ ಹೋಟೆಲುಗಳ ಬೈಟು ಕಾಫಿಗಿಂತ ಸುಲಭವಾದ ಔಷಧ ಮತ್ತೊಂದಿಲ್ಲ.

ಗಡಿಯಾರವನ್ನೂ ನೋಡಿಕೊಳ್ಳಿ. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಕೂಡ ಒಂದು ಗಂಟೆಗೂ ಹೆಚ್ಚು ನಿದ್ದೆ ಕದಿಯುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿತ್ತು. ನಿದ್ದೆ ಕೆಟ್ಟರೆ ಮರುದಿನ ಹಸಿವು ಜಾಸ್ತಿ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೆ ಆಸೆ. ಕಷ್ಟಪಟ್ಟು ಇಳಿಸಿದ ಕಿಲೊಗಳು ಆ ದಾರಿಯಲ್ಲೇ ವಾಪಸು ಬರುತ್ತವೆ. ಹತ್ತಕ್ಕೆ ಮಲಗುವವರು ಮಧ್ಯಾಹ್ನ ಎರಡರ ನಂತರ ಕಾಫಿ ಮುಟ್ಟದಿರುವುದು ಮೇಲು. ಬೆಳಗಿನದನ್ನು ತಿಂಡಿಯಾಗಿ ಒಂದು ಗಂಟೆಯ ಮೇಲೆ ಕುಡಿದರೆ ಹೊಟ್ಟೆಗೆ ಹಿತ.

ಇದೆಲ್ಲ ಬೇಕೆಂದೇ ತೂಕ ಇಳಿಸಿದವರ ಮಾತು. ಊಟ ಎಂದಿನಂತೆಯೇ ಇದೆ, ಜಿಮ್ಮಿಲ್ಲ, ಡಯಟ್ಟಿಲ್ಲ, ಆದರೂ ತೂಕ ತಾನಾಗಿ ಇಳಿಯುತ್ತಿದೆ, ಜೊತೆಗೆ ಕಾಫಿ ಸೇರುತ್ತಿಲ್ಲ, ಎದೆ ಬಡಿಯುತ್ತಿದೆ, ಕೈ ನಡುಗುತ್ತಿದೆ, ಸೆಕೆ ತಡೆಯಲಾಗುತ್ತಿಲ್ಲ ಎಂದರೆ ಅದು ಬೇರೆಯೇ ಕಥೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವಾಗ ಕಾಣುವುದು ಇದೇ ಚಿತ್ರ. ಥೈರಾಯ್ಡ್ ಕೊರತೆಗೆ ಮಾತ್ರೆ ನುಂಗುತ್ತಿರುವವರಲ್ಲೂ ಹೀಗಾಗಬಹುದು. ಪೂರ್ಣ ಪ್ರಮಾಣದ ಮಾತ್ರೆಯನ್ನು ದೇಹತೂಕದ ಲೆಕ್ಕದಲ್ಲೇ, ಕಿಲೊಗೆ ಸುಮಾರು 1.6 ಮೈಕ್ರೊಗ್ರಾಂನಂತೆ ನಿಗದಿ ಮಾಡುವುದರಿಂದ, ತೂಕ ಚೆನ್ನಾಗಿ ಇಳಿದವರಿಗೆ ಹಳೆಯ ಮಾತ್ರೆ ಜಾಸ್ತಿಯಾಗಿ ಬಿಡುತ್ತದೆ. ಇಂಥವರು ‘ಕಾಫಿ ಬಿಟ್ಟು ನೋಡೋಣ’ ಎಂದು ತಿಂಗಳುಗಳನ್ನು ದೂಡಬೇಡಿ. ವೈದ್ಯರನ್ನು ಕಂಡು ಟಿಎಸ್‌ಎಚ್ ರಕ್ತಪರೀಕ್ಷೆಯನ್ನೂ ಒಂದು ಇಸಿಜಿಯನ್ನೂ ಈ ವಾರವೇ ಮಾಡಿಸಿ.